ಇಪ್ಪತ್ತೈದಕ್ಕೆ ನಿಂತ ಉಂಗುರ

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ನಮ್ಮ ರಿಪೇರಿ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಬರದೆ ಏನು ಮಾಡುತ್ತದೆ ಹೇಳಿ. ಮೂವತ್ತೊಂದು ವರ್ಷದಿಂದ ನಾನು ಬಿಚ್ಚಿ ಜೋಡಿಸುತ್ತಿರುವುದು ಆಳ ಸಮುದ್ರದ ಗಡಿಯಾರಗಳನ್ನು. ಒಂದೊಂದೂ ನಾಲ್ಕು ಸಾವಿರ ಮೀಟರ್ ನೀರಿನ ಭಾರ ತಡೆಯುತ್ತದೆ, ಒಂದೊಂದರ ಬೆಲೆಗೆ ಒಂದು ಸಣ್ಣ ಮನೆ ಬರುತ್ತದೆ. ಕಟ್ಟಿಕೊಳ್ಳುವವರು ಮಾತ್ರ ಈಜುಕೊಳದಲ್ಲಿ ನೀರು ಮೊಣಕಾಲು ದಾಟಿದರೆ ಕೂಗಿಕೊಳ್ಳುವ ಜನ. ದುಡ್ಡಿದ್ದವನೇ ದೊಡ್ಡಪ್ಪ. ಕೀ ಕೊಡುವ ತಿರುಪನ್ನು ಬಿಗಿ ಮಾಡದೆ ಸ್ನಾನಕ್ಕೆ ಹೋಗುತ್ತಾರೆ, ಒಳಗೆ ಒಂದು ಹನಿ ನೀರು ಸೇರಿದರೆ ಗಡಿಯಾರವೇ ಸರಿಯಿಲ್ಲವೆಂದು ಜಗಳಕ್ಕೆ ಬರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಂಥವರಿಂದ ತಪ್ಪಿಸಿಕೊಳ್ಳಲು ನಮ್ಮಲ್ಲಿ ಒಂದು ಕ್ರಮವಿದೆ. ಗಡಿಯಾರ ಮೇಜಿಗೆ ಬಂದೊಡನೆ ಅದನ್ನು ಮುಟ್ಟುವಂತಿಲ್ಲ. ಮೊದಲು ಹಳದಿ ಕಾರ್ಡು ತೆಗೆದು, 'ಬಂದ ಸ್ಥಿತಿ' ಎಂದು ಅಚ್ಚಾಗಿರುವ ಜಾಗದಲ್ಲಿ ಕಂಡದ್ದನ್ನೆಲ್ಲ ಬರೆಯಬೇಕು. ಎಲ್ಲಿ ಗೀರು ಬಿದ್ದಿದೆ, ಮುಳ್ಳುಗಳು ಎಷ್ಟಕ್ಕೆ ನಿಂತಿವೆ, ಗಾಜಿನ ಸುತ್ತಲಿನ ಉಂಗುರ ಎಲ್ಲಿದೆ. ಆಮೇಲೆ ಸೋಪಿನ ನೀರಿನಲ್ಲಿ ತೊಳೆಯುವುದು. ಆಮೇಲೆ ಆ ಉಂಗುರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ನೂರಿಪ್ಪತ್ತು ಟಿಕ್ ಎಣಿಸಿ, ಅದರ ಸೊನ್ನೆ ಗುರುತನ್ನು ಹನ್ನೆರಡರ ಮೇಲೆ ತಂದು ನಿಲ್ಲಿಸುವುದು. ಹೊಸಬರು ಯಾರು ಬಂದರೂ ಮೊದಲ ದಿನ ನಾನು ಹೇಳುವುದು ಒಂದೇ ಮಾತು. "ಬರೆಯದೆ ಮುಟ್ಟಿದ್ರೆ ಕೈ ಮುರೀತೀನಿ."

ಆ ಉಂಗುರ ಚಂದಕ್ಕೆ ಇಟ್ಟದ್ದಲ್ಲ. ಡೈವರ್ ಆದವನು ನೀರಿಗೆ ಇಳಿಯುವಾಗ ಅದರ ಸೊನ್ನೆಯನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಡುತ್ತಾನೆ. ಕೆಳಗೆ ಹೋದ ಮೇಲೆ ಎಷ್ಟು ನಿಮಿಷವಾಯಿತೆಂದು ಲೆಕ್ಕ ಹಾಕಬೇಕಾಗಿಲ್ಲ, ಉಂಗುರ ನೋಡಿದರೆ ಸಾಕು. ಅದು ಎಡಕ್ಕೆ ಮಾತ್ರ ತಿರುಗುತ್ತದೆ, ಬೆರಳು ಹಾಕಿ ತಿರುಗಿಸದೆ ಜರುಗುವುದಿಲ್ಲ. ಗಡಿಯಾರ ನಿಂತುಹೋದ ಮೇಲೂ ಉಂಗುರ ಇಟ್ಟಲ್ಲೇ ಇರುತ್ತದೆ. ಇಳಿದವನು ಯಾವ ನಿಮಿಷಕ್ಕೆ ಇಳಿದ ಎಂಬುದು ಅದರಲ್ಲಿ ಉಳಿದಿರುತ್ತದೆ.

ಈ ಗಡಿಯಾರವನ್ನು ನಿಜವಾಗಿ ನೀರಿಗೆ ತೆಗೆದುಕೊಂಡು ಹೋಗುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ನನಗೆ ಗೊತ್ತಿದ್ದದ್ದು ನನ್ನ ತಮ್ಮ. ಬಂದರಿನಲ್ಲಿ ಹಡಗುಗಳ ತಳಕ್ಕೆ ಇಳಿದು, ಕಚ್ಚಿಕೊಂಡ ಚಿಪ್ಪು ಕೆರೆಯುವುದು, ಪ್ರೊಪೆಲ್ಲರಿಗೆ ಸುತ್ತಿಕೊಂಡ ಬಲೆ ಕತ್ತರಿಸುವುದು ಅವನ ಕೆಲಸ. ಆ ಕೆಸರು ನೀರಿನಲ್ಲಿ ತನ್ನ ಕೈ ತನಗೆ ಕಾಣುವುದಿಲ್ಲ, ಸಿಲಿಂಡರಿನ ಮೀಟರೂ ಕಾಣುವುದಿಲ್ಲ. ಹೊಳೆಯುವ ಮುಳ್ಳು, ಹೊಳೆಯುವ ಸೊನ್ನೆ, ಅಷ್ಟೇ ಕಾಣುವುದು. ನನಗೆ ಇಪ್ಪತ್ತೈದು ವರ್ಷ ಸರ್ವೀಸಾದಾಗ ಹಿಂಬದಿಯ ಮುಚ್ಚಳದಲ್ಲಿ ಸಣ್ಣ ದೋಷವಿದ್ದು ಮಾರಾಟಕ್ಕೆ ಹೋಗದ ಒಂದು ಗಡಿಯಾರವನ್ನು ಬಹುಮಾನವಾಗಿ ಕೊಟ್ಟರು. ನಾನು ಅದನ್ನು ಅವನ ಕೈಗೆ ಕಟ್ಟಿದೆ.

"ಅಕ್ಕಾ, ಇದು ನಾಲ್ಕು ಸಾವಿರ ಮೀಟರಿಗೆ ಮಾಡಿದ್ದು. ನಾನು ಇಳಿಯೋದು ಮೂವತ್ತು. ಮಿಕ್ಕಿದ್ದನ್ನ ಏನು ಮಾಡ್ಲಿ?" ಎಂದು ನಕ್ಕ.

"ನಿನ್ನ ತಲೆ ಮೇಲೆ ಹಾಕ್ಕೋ," ಎಂದೆ.

ಅಮ್ಮ ಹೋದಾಗ ಅವನಿಗೆ ಆರು, ನನಗೆ ಹದಿನೇಳು. ಮೂಗು ಒರೆಸಿ, ತಲೆ ಬಾಚಿ, ಹೊಡೆದು ಬಡಿದು ಬೆಳೆಸಿದವಳು ನಾನೇ. ಭಾರೀ ಹುಷಾರಿನ ಮನುಷ್ಯ ಅವನು. ಬಾಗಿಲಿಗೆ ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡಿ, ಬೀದಿಯ ತುದಿಯವರೆಗೆ ಹೋಗಿ ಮತ್ತೆ ಬಂದು ಜಗ್ಗುತ್ತಿದ್ದ. ಅವನ ಜೊತೆ ಎಲ್ಲಿಗಾದರೂ ಹೊರಟರೆ ಬಸ್ಸು ತಪ್ಪುವುದು ಗ್ಯಾರಂಟಿ ಎಂದು ಅವನ ಹೆಂಡತಿ ರೇಗಿಸುತ್ತಿದ್ದಳು.

ಅಂಥವನು ಒಂದು ಗುರುವಾರ ಬೆಳಿಗ್ಗೆ ಹಡಗಿನ ತಳದಲ್ಲಿ ಸತ್ತ. ಮೇಲೆ ದೋಣಿಯಲ್ಲಿ ನಿಂತು ಹಗ್ಗ ಹಿಡಿದಿದ್ದವನು ಹತ್ತೂ ಐವತ್ತಕ್ಕೆ ಎಳೆದುಕೊಂಡಾಗ ಉಸಿರಿರಲಿಲ್ಲ, ಬೆನ್ನ ಮೇಲಿನ ಸಿಲಿಂಡರ್ ಖಾಲಿಯಾಗಿತ್ತು. ನಲವತ್ತಮೂರು ವರ್ಷ ಅವನಿಗೆ. ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು, "ವಾಚ್ ಮಾತ್ರ ಏನೂ ಆಗ್ದೆ ಓಡ್ತಾನೇ ಇತ್ತು ನೋಡಿ," ಎಂದು ಮೆಚ್ಚಿಕೊಂಡು ಹೇಳಿದಳು. ಆ ಗಡಿಯಾರವನ್ನು ಕಲ್ಲಿನ ಮೇಲಿಟ್ಟು ಜಜ್ಜುವಷ್ಟು ಸಿಟ್ಟು ಬಂತು ನನಗೆ.

ಮರು ಮಂಗಳವಾರ ತಮ್ಮನ ಹೆಂಡತಿ ನಾನು ಕೆಲಸ ಮಾಡುವಲ್ಲಿಗೇ ಬಂದಳು. ಕೈಯಲ್ಲಿ ಆಸ್ಪತ್ರೆಯವರು ಟೇಪು ಸುತ್ತಿ ಕೊಟ್ಟ ಪ್ಲಾಸ್ಟಿಕ್ ಕವರ್ ಇತ್ತು. ಐದು ದಿನಕ್ಕೆ ಹತ್ತು ವರ್ಷ ವಯಸ್ಸಾದಂತಿದ್ದಳು.

"ಅತ್ತಿಗೆ, ಇದನ್ನ ಬಿಚ್ಚಿ ನೋಡೋಕೂ ನನ್ ಕೈಲಿ ಆಗ್ತಿಲ್ಲ. ನೀವೇ ಇಟ್ಕೊಳ್ಳಿ," ಎಂದು ಮೇಜಿನ ಮೇಲಿಟ್ಟು, ನೀರು ಕೂಡ ಕುಡಿಯದೆ ಹೊರಟುಹೋದಳು.

ನಾನು ಟೇಪು ಕತ್ತರಿಸಿದೆ. ಗಡಿಯಾರ ನಿಂತಿತ್ತು. ಪಟ್ಟಿಯ ಸಂದಿಯಲ್ಲಿ ಕೆಸರು, ಎಣ್ಣೆ, ಒಣಗಿ ಬೆಳ್ಳಗಾದ ಉಪ್ಪು. ಅವನ ಮುಖ ಗಲೀಜಾಗಿರುವುದನ್ನೇ ನೋಡಿದ ಹಾಗಾಯಿತು. ಹಳದಿ ಕಾರ್ಡುಗಳ ಕಟ್ಟು ಕೈಗೆ ಸಿಗುವಷ್ಟು ದೂರದಲ್ಲಿತ್ತು. ಆದರೆ ಮನೆಯವರ ಗಡಿಯಾರಕ್ಕೆ ಯಾರಾದರೂ ಕಾರ್ಡು ಬರೆಯುತ್ತಾರೆಯೇ? ಬ್ರಶ್ ತೆಗೆದುಕೊಂಡೆ, ಬಿಸಿ ನೀರು ಹಿಡಿದೆ, ಸಂದಿ ಸಂದಿ ಉಜ್ಜಿದೆ. ಉಂಗುರದ ಕೆಳಗಿನ ಮರಳು ಹೋಗಲೆಂದು ತಿರುಗಿಸಿದೆ. ನನ್ನ ಬೆರಳು ಎಂದಿನಂತೆ ನೂರಿಪ್ಪತ್ತು ಎಣಿಸಿತು, ಎಂದಿನಂತೆ ಇನ್ನೂ ಒಂದಿಷ್ಟು ತಿರುಗಿಸಿ ಸೊನ್ನೆಯನ್ನು ಹನ್ನೆರಡರ ಮೇಲೆ ತಂದು ನಿಲ್ಲಿಸಿತು. ಮನಸ್ಸು ಅಲ್ಲಿರಲೇ ಇಲ್ಲ. ಕೀ ಕೊಟ್ಟು, ಸಮಯ ಸರಿಮಾಡಿ, ಬಟ್ಟೆಯಿಂದ ಒರೆಸಿ ನೋಡಿದರೆ ಗಿರಾಕಿಗೆ ಕೊಡಲು ಸಿದ್ಧವಾದಂತೆ ಥಳಥಳ ಹೊಳೆಯುತ್ತಿತ್ತು. ಸಾಮಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಶುಕ್ರವಾರ ಅವನ ಕಂಪನಿಯ ವರದಿ ಬಂತು. ಹತ್ತೂ ಹತ್ತಕ್ಕೆ ನೀರಿಗೆ ಇಳಿದಿದ್ದಾನೆ, ಮೂವತ್ತು ನಿಮಿಷಕ್ಕೆ ಮೇಲೆ ಬರಬೇಕಾಗಿತ್ತು, ಹಗ್ಗದ ಸನ್ನೆಯನ್ನೂ ಗಮನಿಸದೆ ನಲವತ್ತು ನಿಮಿಷ ಕೆಳಗೇ ಉಳಿದಿದ್ದಾನೆ, ಸಿಲಿಂಡರಿನ ಗಾಳಿ ಬರುವುದೇ ನಲವತ್ತು ನಿಮಿಷ, ಆದ್ದರಿಂದ ಸಾವಿಗೆ ಅವನ ಅಜಾಗರೂಕತೆಯೇ ಕಾರಣ. ಇಷ್ಟು ಬರೆದು ಕೆಳಗೆ ಮೂರು ಸಹಿ. ಅಜಾಗರೂಕತೆಯಂತೆ, ನನ್ನ ತಮ್ಮನಿಗೆ! ಬೀದಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಟೈಮ್ ನೋಡದೆ ಕೂತು ಸತ್ತನಂತೆ ಎಂದು ಶಾಲೆಯಲ್ಲಿ ಯಾರೋ ಅವನ ಮಗಳ ಕಿವಿಗೂ ಹಾಕಿದರು. ಪುಟ್ಟಿಗೆ ಒಂಬತ್ತು ವರ್ಷ. ಮನೆಗೆ ಬಂದು ಬ್ಯಾಗ್ ಕೂಡ ಇಳಿಸದೆ, "ಅಪ್ಪಂಗೆ ಮನೆಗೆ ಬರ್ಬೇಕು ಅನ್ನೋದು ಮರೆತುಹೋಯ್ತಾ ಅಮ್ಮ?" ಎಂದು ಕೇಳಿತಂತೆ.

ಶನಿವಾರ ಮಧ್ಯಾಹ್ನ ಕೆಲಸದ ಮೇಜಿನ ಮುಂದಿದ್ದಾಗ ತಮ್ಮನ ಹೆಂಡತಿ ಫೋನ್ ಮಾಡಿದಳು. ಧ್ವನಿಯಲ್ಲಿ ಜೀವ ಬಂದಿತ್ತು.

"ಅತ್ತಿಗೆ, ಹಗ್ಗದವನು ಮನೆಗೆ ಬಂದಿದ್ದಾನೆ. ಅವರು ಇಳಿದಿದ್ದು ಹತ್ತೂ ಹತ್ತಕ್ಕೆ ಅಲ್ವಂತೆ. ಮೇಸ್ತ್ರಿ ಹತ್ತೂ ಹತ್ತು ಅಂತ ಬರೆದು ಒಳಗೆ ಹೋಗಿಬಿಟ್ನಂತೆ. ಆಮೇಲೆ ಮಾಸ್ಕಿನ ಪಟ್ಟಿ ಕಿತ್ತುಹೋಗಿ, ಬೇರೆ ಹಾಕೋಕೆ ಕಾಲು ಗಂಟೆ ಹಿಡೀತಂತೆ. ಇಳಿದಾಗ ಹತ್ತೂ ಇಪ್ಪತ್ತೈದಂತೆ. ಅಂದ್ರೆ ಅವರು ನೀರಲ್ಲಿದ್ದಿದ್ದು ಇಪ್ಪತ್ತೈದೇ ನಿಮಿಷ. ಅಷ್ಟಕ್ಕೇ ಗಾಳಿ ಮುಗೀಬೇಕಾದ್ರೆ ಸಿಲಿಂಡರನ್ನೇ ಪೂರ್ತಿ ತುಂಬಿಲ್ಲ ಅಂತಾಯ್ತಲ್ಲ. ಬರೋ ಸೋಮವಾರ ಬಂದರಿನ ಕಚೇರೀಲಿ ವಿಚಾರಣೆ ಇದೆ. ಗಡಿಯಾರದ ಉಂಗುರ ಇಟ್ಟಲ್ಲೇ ಇರುತ್ತೆ, ಅದನ್ನ ತೋರ್ಸಿದ್ರೆ ಯಾರೂ ಬಾಯಿ ಬಿಡೋ ಹಾಗಿಲ್ಲ ಅಂತಿದ್ದಾನೆ. ಉಂಗುರ ಎಲ್ಲಿದೆ ಅತ್ತಿಗೆ?"

ಗಡಿಯಾರ ನನ್ನ ಮುಂದೆಯೇ ಇತ್ತು, ಸೊನ್ನೆ ಹನ್ನೆರಡರ ಮೇಲಿತ್ತು.

"ಅತ್ತಿಗೆ? ಕೇಳಿಸ್ತಿದೆಯಾ?"

"ನೋಡಿ ಹೇಳ್ತೀನಮ್ಮ," ಎಂದೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ನನ್ನನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ಗುರುತು ಪರಿಚಯವಿಲ್ಲದ ಸಾವಿರಾರು ಜನರ ಗಡಿಯಾರದ ಉಂಗುರ ಎಲ್ಲಿತ್ತೆಂದು ನಾನು ಕಾರ್ಡಿನಲ್ಲಿ ಬರೆದಿಟ್ಟಿದ್ದೇನೆ. ನನ್ನ ತಮ್ಮ ಸಾಯುವ ಮುಂಚೆ ತನ್ನ ಕೈಯಾರೆ ಇಟ್ಟು ಹೋದ ಒಂದೇ ಒಂದು ಗುರುತನ್ನು, ಮನೆಯದಲ್ಲವೇ ಎಂದು ತೊಳೆದು ಚೊಕ್ಕಟ ಮಾಡಿಬಿಟ್ಟಿದ್ದೆ. ಅವನು ಬೇರೆಯವರ ತಮ್ಮನಾಗಿದ್ದರೆ ಸಾಕ್ಷಿ ಉಳಿಯುತ್ತಿತ್ತು.

ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೆ ಕೂತು ಲೆಕ್ಕ ಹಾಕಿದೆ. ಉಂಗುರ ಹತ್ತು ನಿಮಿಷದ ಗೆರೆಯಲ್ಲಿದ್ದಿದ್ದರೆ ನೂರಿಪ್ಪತ್ತಾದ ಮೇಲೆ ನಾನು ತಿರುಗಿಸಿದ್ದು ಇಪ್ಪತ್ತು ಟಿಕ್. ಇಪ್ಪತ್ತೈದರಲ್ಲಿದ್ದಿದ್ದರೆ ಐವತ್ತು ಟಿಕ್. ಇಪ್ಪತ್ತಕ್ಕೂ ಐವತ್ತಕ್ಕೂ ಅಜಗಜಾಂತರ, ಬೆರಳಿಗೆ ನೆನಪಿರಲೇಬೇಕು ಎಂದುಕೊಂಡೆ. ಹತ್ತಕ್ಕೆ ಇಟ್ಟು ಕಣ್ಣು ಮುಚ್ಚಿ ತಿರುಗಿಸಿದೆ. ಇಷ್ಟೇ ಇತ್ತು ಅನ್ನಿಸಿತು. ಇಪ್ಪತ್ತೈದಕ್ಕೆ ಇಟ್ಟು ತಿರುಗಿಸಿದೆ. ಇದೇ ಇರಬೇಕು ಅನ್ನಿಸಿತು. ಹತ್ತು ಸಲ, ಹನ್ನೆರಡು ಸಲ ಹಾಗೆ ಮಾಡಿದೆ. ಮೂವತ್ತೊಂದು ವರ್ಷ ನಂಬಿಕೊಂಡು ಬಂದ ಬೆರಳುಗಳು, ಒಂದಕ್ಕೂ ಏನೂ ಗೊತ್ತಿರಲಿಲ್ಲ.

ನಿಜ ಹೇಳಬಹುದಿತ್ತು. 'ತಪ್ಪಾಯ್ತಮ್ಮ, ಅಳಿಸಿಬಿಟ್ಟೆ' ಎಂದರೆ ಅವಳು ನನ್ನನ್ನೇನು ಹೊಡೆಯುತ್ತಿರಲಿಲ್ಲ. ಆದರೆ ವರದಿಯ ಆ ಸಾಲು ಉಳಿಯುತ್ತಿತ್ತು. ಪುಟ್ಟಿ ದೊಡ್ಡವಳಾಗಿ, ಮುದುಕಿಯಾಗಿ ಸಾಯುವವರೆಗೂ ಅವಳಪ್ಪ ಮನೆಗೆ ಬರುವುದನ್ನು ಮರೆತವನಾಗಿಯೇ ಇರುತ್ತಿದ್ದ. ಮೂರು ಸಲ ಬೀಗ ಜಗ್ಗುವವನು ಹತ್ತು ನಿಮಿಷ ಮೈಮರೆಯುತ್ತಾನೆಯೇ? ಸಾಧ್ಯವೇ ಇಲ್ಲ. ಹಗ್ಗದವನು ಕಣ್ಣಾರೆ ಕಂಡವನು, ಅವನು ಇಪ್ಪತ್ತೈದು ಎಂದ ಮೇಲೆ ಇಪ್ಪತ್ತೈದೇ. ನಾನು ಸುಳ್ಳು ಹುಟ್ಟಿಸುತ್ತಿಲ್ಲ, ಅಳಿಸಿದ್ದನ್ನು ಮತ್ತೆ ಬರೆಯುತ್ತಿದ್ದೇನೆ ಅಷ್ಟೇ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ.

ಉಂಗುರವನ್ನು ಹನ್ನೆರಡರಿಂದ ಎಡಕ್ಕೆ ಎಪ್ಪತ್ತು ಟಿಕ್ ತಿರುಗಿಸಿದೆ. ಸೊನ್ನೆ ಇಪ್ಪತ್ತೈದರ ಗೆರೆಗೆ ಬಂದು ನಿಂತಿತು. ಹಳದಿ ಕಾರ್ಡು ಎಳೆದುಕೊಂಡು ಮಂಗಳವಾರದ ತಾರೀಖು ಹಾಕಿದೆ. 'ಬಂದ ಸ್ಥಿತಿ: ಕೆಸರು, ಎಣ್ಣೆ, ಉಪ್ಪು. ಗಡಿಯಾರ ನಿಂತಿದೆ. ಉಂಗುರ ಇಪ್ಪತ್ತೈದರಲ್ಲಿದೆ, ಮುಟ್ಟಿಲ್ಲ.' ಕೆಳಗೆ ಸಹಿ ಮಾಡಿದೆ. ಅಷ್ಟು ವರ್ಷಗಳಲ್ಲಿ ಆ ಕಾರ್ಡಿನ ಮೇಲೆ ನಾನು ಬರೆದ ಮೊದಲ ಸುಳ್ಳು ಅದು, ಅಕ್ಷರ ಒಂದಿಷ್ಟೂ ನಡುಗಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು, ಕಿಟಕಿಗೆ ಹಸಿರು ಪರದೆ, ಒಂದು ಉದ್ದ ಮೇಜು. ಒಂದು ಬದಿಗೆ ಅಧಿಕಾರಿ, ಎದುರಿಗೆ ಕಂಪನಿಯ ಮನುಷ್ಯ ಮತ್ತು ಮೇಸ್ತ್ರಿ. ಇತ್ತ ಹಗ್ಗದವನು, ತಮ್ಮನ ಹೆಂಡತಿ, ನಾನು. ಹಗ್ಗದವನು ನೆಲ ನೋಡಿಕೊಂಡೇ ಹೇಳಿದ. ಇಳಿದದ್ದು ಹತ್ತೂ ಇಪ್ಪತ್ತೈದಕ್ಕೆ, ಮೂವತ್ತು ನಿಮಿಷ ಆಗಿರಲೇ ಇಲ್ಲ, ಆದ್ದರಿಂದ ತಾನು ಹಗ್ಗ ಜಗ್ಗಿ ಸನ್ನೆ ಮಾಡುವ ಪ್ರಶ್ನೆಯೇ ಇರಲಿಲ್ಲ, ಗುಳ್ಳೆ ಕಾಣಲಿಲ್ಲವೆಂದು ಹತ್ತೂ ಐವತ್ತಕ್ಕೆ ಎಳೆದೆ ಎಂದ. ಆಮೇಲೆ ನಾನು ಗಡಿಯಾರವನ್ನೂ ಕಾರ್ಡನ್ನೂ ಮೇಜಿನ ಮೇಲಿಟ್ಟೆ.

ಕಂಪನಿಯ ಮನುಷ್ಯ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. "ತಾವು ಮೃತರ ಅಕ್ಕ. ತಮ್ಮನ ಪರವಾಗಿ ಹೇಳ್ತಿದ್ದೀರಿ ಅಂತ ಯಾಕೆ ಅಂದ್ಕೋಬಾರದು?"

"ಅಂದ್ಕೊಳ್ಳಿ, ಬೇಡ ಅಂದವರು ಯಾರು? ನಿಮ್ಮ ಕೈಯಲ್ಲಿರೋ ವಾಚ್ ಕೂಡ ನಮ್ಮಲ್ಲಿಗೆ ಬಂದಿರುತ್ತೆ. ಅದರ ಬೆನ್ನು ಬಿಚ್ಚಿದ್ರೆ ಒಳಗೆ ನನ್ನ ಗುರುತು ಇರುತ್ತೆ. ಇಷ್ಟು ವರ್ಷ ನಾನು ಬರೆದ ಕಾರ್ಡಲ್ಲಿ ಒಂದು ತಪ್ಪು ಹುಡುಕಿ ತನ್ನಿ, ಆಮೇಲೆ ಮಾತಾಡೋಣ."

ಸುಳ್ಳು ಹೇಳುವಾಗಲೂ ನನಗೆ ನಿಜವಾದ ಸಿಟ್ಟೇ ಬಂದಿತ್ತು. ಅಧಿಕಾರಿ ಗಡಿಯಾರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ತೊಳೆದಿದ್ದೀರಲ್ಲ?" ಎಂದರು. "ತೊಳೆದೆ. ಉಂಗುರ ಮುಟ್ಟಲಿಲ್ಲ," ಎಂದೆ. ಅವರು ತಲೆದೂಗಿ ಬರೆದುಕೊಂಡರು.

ಮೂರು ವಾರಕ್ಕೆ ಹೊಸ ವರದಿ ಬಂತು. ಅಜಾಗರೂಕತೆಯ ಸಾಲು ಹೋಗಿತ್ತು. ಸಿಲಿಂಡರ್ ಪೂರ್ತಿ ತುಂಬದೆ ಕೊಟ್ಟದ್ದೇ ಕಾರಣ ಎಂದಿತ್ತು. ತಮ್ಮನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. "ಅವರ ಹೆಸರು ಉಳಿಸಿದ್ರಿ ಅತ್ತಿಗೆ," ಎಂದು ಬಿಕ್ಕಿದಳು. ಪುಟ್ಟಿ ನನ್ನ ಮಡಿಲಿಗೆ ಬಂದು ಕೂತು ಮುಖ ಎತ್ತಿ ಕೇಳಿತು.

"ಅತ್ತೆ, ಅಪ್ಪ ಮರೀಲಿಲ್ಲ ಅಲ್ವಾ?"

"ಇಲ್ಲ ಕಣೇ."

"ನೀನೇ ನೋಡಿದ್ಯಾ?"

"ನಾನೇ ನೋಡಿದೆ," ಎಂದೆ. ಮಗು ಅಂದು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿತು.

ಬಂದರಿನಲ್ಲಿ ಸಿಲಿಂಡರಿಗೆ ಗಾಳಿ ತುಂಬುತ್ತಿದ್ದ ಮುದುಕನನ್ನು ಕೆಲಸದಿಂದ ತೆಗೆದರು. ಪೂರ್ತಿ ತುಂಬಿದ್ದೆ ಸ್ವಾಮಿ, ಪೂರ್ತಿ ತುಂಬಿದ್ದೆ ಎಂದು ಅವನು ಗೇಟಿನ ಬಳಿ ನಿಂತು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದನಂತೆ. ತಪ್ಪು ಮಾಡಿದವನು ಯಾವತ್ತು ಒಪ್ಪಿಕೊಂಡಿದ್ದಾನೆ ಎಂದು ನಾನು ಆ ಸುದ್ದಿ ತಂದವರ ಬಾಯಿ ಮುಚ್ಚಿಸಿದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹಗ್ಗದವನು ನನ್ನನ್ನು ಹುಡುಕಿಕೊಂಡು ಬಂದ. ಊಟದ ಹೊತ್ತು, ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಆಳು ಸ್ವಲ್ಪ ಮೈ ತುಂಬಿಕೊಂಡಿದ್ದ. ಕೂರು ಎಂದರೂ ಕೂರದೆ ಮೇಜಿನ ಅಂಚು ಹಿಡಿದು ನಿಂತ.

"ಅಕ್ಕಾ, ಇದನ್ನ ಯಾರ ಹತ್ರಾನೂ ಹೇಳಿಲ್ಲ. ನಿಮ್ಮ ಹತ್ರ ಹೇಳ್ದಿದ್ರೆ ನಂಗೆ ಒಳ್ಳೇದಾಗಲ್ಲ."

"ಅದೇನು ಹೇಳಪ್ಪ."

"ಮಾಸ್ಕಿನ ಪಟ್ಟಿ ಕಿತ್ತುಹೋಗಿದ್ದು ನಿಜ ಅಕ್ಕ. ಆದ್ರೆ ಅದು ಗುರುವಾರಾನೋ ಹಿಂದಿನ ದಿನಾನೋ ನಂಗೆ ನೆನಪಿರ್ಲಿಲ್ಲ. ವಾರಕ್ಕೆರಡು ಸಲ ಕೀಳುತ್ತೆ ಅದು. ಅವನನ್ನ ಎಳೆದ ಮೇಲೆ ನನ್ ತಲೇಲಿ ಎಲ್ಲ ಕಲಸಿಹೋಯ್ತು." ಅವನು ಬಾಗಿಲ ಕಡೆ ಒಮ್ಮೆ ನೋಡಿದ. "ವರದೀಲಿ ಹತ್ತೂ ಹತ್ತು ಅಂತಿತ್ತಲ್ಲ. ಅದು ನಿಜ ಆಗಿದ್ರೆ ಹತ್ತೂ ನಲವತ್ತಕ್ಕೆ ಹಗ್ಗ ಜಗ್ಗಿ ಅವನನ್ನ ಕರೀಬೇಕಾಗಿದ್ದವನು ನಾನು. ನಾನು ಜಗ್ಗಲಿಲ್ಲ ಅಕ್ಕ. ಪಕ್ಕದ ದೋಣಿಯವನ ಜೊತೆ ಮಾತಾಡ್ತಾ ನಿಂತಿದ್ದೆ. ಅದಕ್ಕೇ ಇಪ್ಪತ್ತೈದು ಅಂತ ಬಾಯಿಗೆ ಬಂತು. ಗಡಿಯಾರ ಇದೆಯಲ್ಲ, ನಾನು ಹೇಳಿದ್ದು ಸುಳ್ಳಾದ್ರೆ ಅದೇ ಹೇಳುತ್ತೆ, ಆಗಿದ್ದಾಗ್ಲಿ ಅಂದ್ಕೊಂಡೆ. ನೀವು ಕಾರ್ಡು ತೆಗೆದು ಇಟ್ಟಾಗ ಹೋದ ಜೀವ ಬಂತು. ನಾನು ಅವನನ್ನ ಕೊಲ್ಲಲಿಲ್ಲ ಅಂತ ಗೊತ್ತಾಗಿದ್ದೇ ಅವತ್ತು."

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ನಾನು ಅವನ ಮಾತು ನಂಬಿ ಕಾರ್ಡು ಬರೆದಿದ್ದೆ, ಅವನು ನನ್ನ ಕಾರ್ಡು ನಂಬಿ ನೆಮ್ಮದಿಯಾಗಿದ್ದ. ಗೇಟಿನ ಬಳಿಯ ಮುದುಕ ಕಣ್ಣ ಮುಂದೆ ಬಂದ. ನಾನೂ ನೋಡಲಿಲ್ಲ ಕಣೋ ಎಂದುಬಿಟ್ಟರೆ ಆ ಮುದುಕನಿಗೆ ನ್ಯಾಯ ಸಿಗಬಹುದು. ಆದರೆ ನನ್ನ ಮುಂದೆ ನಿಂತವನು ಕೊಲೆಗಾರನಾಗುತ್ತಾನೆ, ಅಥವಾ ಆಗದೆಯೂ ಇರಬಹುದು. ಪುಟ್ಟಿಯ ಅಪ್ಪ ಮತ್ತೆ ಮರೆತವನಾಗುತ್ತಾನೆ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ನೀವು ಕಣ್ಣಾರೆ ನೋಡಿದ್ರಿ ಅಲ್ವಾ ಅಕ್ಕ? ಇಪ್ಪತ್ತೈದರಲ್ಲೇ ಇತ್ತಲ್ವಾ?"

"ಇತ್ತು ಕಣಪ್ಪ. ನೋಡಿದೆ," ಎಂದೆ.

ಅವನು ಮೇಜಿನ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತ. ನಾನು ಅವನ ಬೆನ್ನು ಸವರಿದೆ, ನೀರು ಕೊಟ್ಟೆ, ಹುಷಾರಾಗಿ ಹೋಗು ಎಂದು ಹೇಳಿ ಬಾಗಿಲವರೆಗೆ ಬಿಟ್ಟು ಬಂದೆ.

ಆ ಗುರುವಾರ ನನ್ನ ತಮ್ಮ ಹೇಗೆ ಸತ್ತನೆಂದು ಈಗ ಎಲ್ಲರಿಗೂ ಗೊತ್ತು. ಅವನ ಹೆಂಡತಿಗೆ ಗೊತ್ತು, ಮಗಳಿಗೆ ಗೊತ್ತು, ಅಧಿಕಾರಿಗೆ ಗೊತ್ತು, ಹಗ್ಗದವನಿಗೂ ಗೊತ್ತು. ಅವನನ್ನು ಎತ್ತಿ ಬೆಳೆಸಿದ ನನಗೊಬ್ಬಳಿಗೆ ಗೊತ್ತಿಲ್ಲ.